ಸರಣಿ 0–3 ಆದರೆ ಹನ್ನೊಂದೂ ಆಟಗಾರರಿಗೆ ಸೊನ್ನೆ ಅಂಕವೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. 2024ರಲ್ಲಿ ನ್ಯೂಜಿಲೆಂಡ್ ಎದುರು 0–3, 2025ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು 0–2 ಎಂದು ಭಾರತ ತಂಡ ತವರಿನಲ್ಲೇ ಎರಡು ಟೆಸ್ಟ್ ಸರಣಿಗಳನ್ನು ಏಕಪಕ್ಷೀಯವಾಗಿ ಸೋತಿತು. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಒಬ್ಬರು ಇಡೀ ತಂಡವನ್ನೇ ಬದಲಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಎಲ್ಲವೂ ಟಾಸ್ ಮತ್ತು ಪಿಚ್ಚಿನ ಆಟ ಎನ್ನುತ್ತಾರೆ, ಸೋತ ತಂಡದಲ್ಲಿ ರನ್ ಹೊಡೆದವರು ತಮ್ಮ ಲೆಕ್ಕಕ್ಕಾಗಿ ಆಡಿದವರು ಎನ್ನುವವರೂ ಇದ್ದಾರೆ. ನಾನು ಸರಾಸರಿ ಹಾಕಿ ನೋಡಿದಾಗ ನ್ಯೂಜಿಲೆಂಡ್ ಎದುರು ರೋಹಿತ್ ಮತ್ತು ಕೊಹ್ಲಿ ಇಬ್ಬರದೂ ಹದಿನೈದರ ಆಸುಪಾಸು ಬಂತು. ತೀರ್ಮಾನಕ್ಕೆ ಇಷ್ಟು ಸಾಕೇ? ಕೇಳಲು ಕಾರಣವೂ ಇದೆ. ಈಚೆಗೆ ನಮ್ಮ ಶಾಲೆಯ ಹುಡುಗರು ದಾವಣಗೆರೆಗೆ ಹೋಗಿ ಅಲ್ಲಿನ ತಂಡವೊಂದರ ಎದುರು ಮೂರಕ್ಕೆ ಮೂರೂ ಪಂದ್ಯ ಸೋತು ಬಂದರು. ನಾವು ಅಭ್ಯಾಸ ಮಾಡುವುದು ಮ್ಯಾಟಿಂಗ್ (ನೆಲಕ್ಕೆ ಹಾಸಿದ ಚಾಪೆ) ಮೇಲೆ, ಅಲ್ಲಿ ಆಡಿದ್ದು ಟರ್ಫ್ (ಹದಮಾಡಿದ ಮಣ್ಣಿನ ಪಿಚ್) ಮೇಲೆ. ಆರಂಭಿಕರಿಬ್ಬರನ್ನೂ ಸೇರಿಸಿ ಐವರನ್ನು ಕೈಬಿಡಿ ಎಂಬ ಒತ್ತಡ ನನ್ನ ಮೇಲಿದೆ. ಹೇಗೆ ಅಳೆಯಲಿ?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ತಂಡ ಯಾಕೆ ಸೋತಿತು ಎಂಬುದು ಒಂದು, ಪ್ರತಿಯೊಬ್ಬ ಆಟಗಾರ ಹೇಗೆ ಆಡಿದ ಎಂಬುದು ಇನ್ನೊಂದು. ಸರಣಿಯ ಫಲಿತಾಂಶ ಮೊದಲನೆಯದಕ್ಕೆ ಸ್ವಲ್ಪ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಬಹುತೇಕ ಏನೂ ಕೊಡುವುದಿಲ್ಲ. ತರಬೇತುದಾರನಾಗಿ ಮತ್ತು ಆಯ್ಕೆಯ ಮೇಜಿನ ಸುತ್ತ ಕೂತವನಾಗಿ ನಾನು ಕಂಡ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದುಕೊಂಡದ್ದರಿಂದ ಆದವು.

ನ್ಯೂಜಿಲೆಂಡ್ ಸರಣಿಯ ಅಂಕಪಟ್ಟಿಯನ್ನೇ ಮುಂದಿಟ್ಟುಕೊಳ್ಳೋಣ. ಮೂರು ಟೆಸ್ಟ್‌ಗಳಲ್ಲಿ ಎರಡೂ ತಂಡಗಳನ್ನು ಸೇರಿಸಿ ಅತಿ ಹೆಚ್ಚು ರನ್ ಗಳಿಸಿದವರು ರಿಷಭ್ ಪಂತ್, ಒಟ್ಟು 261. ಅತಿ ಹೆಚ್ಚು ವಿಕೆಟ್ ಪಡೆದವರು ರವೀಂದ್ರ ಜಡೇಜ ಮತ್ತು ವಾಷಿಂಗ್ಟನ್ ಸುಂದರ್, ತಲಾ 16. ವಾಷಿಂಗ್ಟನ್ ಆಡಿದ್ದು ಎರಡೇ ಟೆಸ್ಟ್. ಅಂದರೆ ಬ್ಯಾಟಿಂಗ್ ಪಟ್ಟಿಯ ತುದಿಯಲ್ಲೂ ಬೌಲಿಂಗ್ ಪಟ್ಟಿಯ ತುದಿಯಲ್ಲೂ ಸೋತ ತಂಡದವರೇ ಇದ್ದರು, ಆದರೂ ಸರಣಿ 0–3 ಆಯಿತು. ಮೂರು ಅಥವಾ ಅದಕ್ಕಿಂತ ಹೆಚ್ಚು ಟೆಸ್ಟ್‌ಗಳ ತವರಿನ ಸರಣಿಯಲ್ಲಿ ಭಾರತ ಎಲ್ಲ ಪಂದ್ಯಗಳನ್ನೂ ಸೋತದ್ದು ಅದೇ ಮೊದಲು. ಅದಕ್ಕೂ ಮುಂಚೆ ತವರಿನಲ್ಲಿ ಸತತ 18 ಸರಣಿಗಳನ್ನು ಗೆದ್ದ ತಂಡ ಅದು.

ಹಾಗಾದರೆ ಸೋಲು ಎಲ್ಲಿ ಹುಟ್ಟಿತು? ಬೆಂಗಳೂರಿನಲ್ಲಿ ಮೊದಲ ದಿನ ಮಳೆಗೆ ಹೋಗಿ, ಮೋಡ ಕವಿದ ಎರಡನೇ ದಿನ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡ ಭಾರತ 46ಕ್ಕೆ ಆಲೌಟ್ ಆಯಿತು. ಮ್ಯಾಟ್ ಹೆನ್ರಿ 15 ರನ್ನಿಗೆ 5, ವಿಲ್ ಓರೂರ್ಕ್ 22 ರನ್ನಿಗೆ 4 ವಿಕೆಟ್ ಪಡೆದರು. ಪಿಚ್ಚನ್ನು ಓದುವುದರಲ್ಲಿ ತಪ್ಪಿದೆ ಎಂದು ನಾಯಕ ರೋಹಿತ್ ಆಮೇಲೆ ತಾವೇ ಹೇಳಿದರು. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ಸರ್ಫರಾಜ್ ಖಾನ್ ಅವರ 150 ಮತ್ತು ಪಂತ್ ಅವರ 99 ಸೇರಿ ತಂಡ 462 ಗಳಿಸಿತು. ಪುಣೆಯಲ್ಲಿ ಮೊದಲ ಇನಿಂಗ್ಸ್ 156ಕ್ಕೆ ಮುಗಿದು 103 ರನ್‌ಗಳ ಹಿನ್ನಡೆಯಾಯಿತು, ಪಂದ್ಯ 113 ರನ್‌ಗಳಿಂದ ಹೋಯಿತು. ಮುಂಬೈನಲ್ಲಿ 147 ಬೆನ್ನಟ್ಟುವಾಗ 29ಕ್ಕೆ 5 ವಿಕೆಟ್ ಬಿದ್ದವು, 121ಕ್ಕೆ ಆಟ ಮುಗಿಯಿತು, ಸೋಲಿನ ಅಂತರ 25 ರನ್. ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ಸರಣಿಯುದ್ದಕ್ಕೂ ಎಲ್ಲರೂ ಕೆಟ್ಟದಾಗಿ ಆಡಿದ ಚಿತ್ರ ಸಿಗುವುದಿಲ್ಲ. ಮೂರು ಸಲ ಬ್ಯಾಟಿಂಗ್ ಸಾಲು ಗುಂಪಾಗಿ ಕುಸಿದ ಚಿತ್ರ ಸಿಗುತ್ತದೆ. ಗುಂಪಾಗಿ ಕುಸಿಯುವುದು ತಂಡದ ರೋಗ. ಅದರ ಮೂಲ ಸಿದ್ಧತೆಯಲ್ಲಿ, ಬ್ಯಾಟಿಂಗ್ ಕ್ರಮದಲ್ಲಿ, ಪಿಚ್ಚಿನ ಆಯ್ಕೆಯಲ್ಲಿ ಇರುತ್ತದೆ. ಒಬ್ಬೊಬ್ಬ ಆಟಗಾರನನ್ನು ಬದಲಿಸಿ ಅದನ್ನು ವಾಸಿಮಾಡಲಾಗದು.

ಸೋತ ತಂಡದಲ್ಲಿ ರನ್ ಗಳಿಸಿದವನು ಸ್ವಾರ್ಥಿ ಎಂಬ ಮಾತನ್ನು ದಯವಿಟ್ಟು ನಿಮ್ಮ ಹುಡುಗರ ಕಿವಿಗೆ ಬೀಳಲು ಬಿಡಬೇಡಿ. ಮುಂಬೈನ ಆ 121 ರನ್‌ಗಳಲ್ಲಿ ಪಂತ್ ಒಬ್ಬರೇ 64 ಗಳಿಸಿದರು, ಇತರೆ ರನ್ನುಗಳನ್ನೂ ಸೇರಿಸಿ ಉಳಿದವರ ಪಾಲು 57. ಅವರ ಆಟವಿಲ್ಲದಿದ್ದರೆ ಆ ಪಂದ್ಯ ಇಷ್ಟು ಹತ್ತಿರಕ್ಕೂ ಬರುತ್ತಿರಲಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಭಾರತ 0–4ರಿಂದ ಸೋತಾಗ ನಮ್ಮ ರಾಹುಲ್ ದ್ರಾವಿಡ್ ಮೂರು ಶತಕಗಳೊಂದಿಗೆ 461 ರನ್ ಗಳಿಸಿದ್ದರು. ಓವಲ್‌ನಲ್ಲಿ ಆರಂಭಿಕರಾಗಿ ಇಳಿದು ಕೊನೆಯವರೆಗೂ ಔಟಾಗದೆ 146ರಲ್ಲಿ ಉಳಿದು, ಫಾಲೋ ಆನ್ ಆದ್ದರಿಂದ ಕೂಡಲೇ ಮತ್ತೆ ಪ್ಯಾಡ್ ಕಟ್ಟಿಕೊಂಡು ಆರಂಭಿಕರಾಗಿಯೇ ಮರಳಿದರು. ಇದನ್ನು ಸ್ವಂತ ಲೆಕ್ಕದ ಆಟ ಎನ್ನುವವರಿಗೆ ಟೆಸ್ಟ್ ಕ್ರಿಕೆಟ್ ಏನನ್ನು ಕೇಳುತ್ತದೆ ಎಂಬುದೇ ತಿಳಿದಿಲ್ಲ.

ಈಗ ನಿಮ್ಮ ಸರಾಸರಿಗೆ ಬರುತ್ತೇನೆ, ಏಕೆಂದರೆ ಹೆಚ್ಚು ಮೋಸ ಹೋಗುವುದು ಇಲ್ಲೇ. ಆ ಸರಣಿಯ ಆರು ಇನಿಂಗ್ಸ್‌ಗಳಲ್ಲಿ ಕೊಹ್ಲಿ ಗಳಿಸಿದ್ದು 0, 70, 1, 17, 4, 1, ಒಟ್ಟು 93. ರೋಹಿತ್ ಗಳಿಸಿದ್ದು 2, 52, 0, 8, 18, 11; ಒಟ್ಟು 91. ಮೊತ್ತ ಹೆಚ್ಚುಕಡಿಮೆ ಒಂದೇ ಆದರೂ ಒಳಗಿನ ಕಥೆ ಬೇರೆ. ಕೊಹ್ಲಿ ಅವರ ನಾಲ್ಕು ಇನಿಂಗ್ಸ್ ಐದು ರನ್ನಿನೊಳಗೇ ಮುಗಿದವು. ರೋಹಿತ್ ಎರಡು ಸಲ ಹತ್ತು ದಾಟಿಯೂ ಇಪ್ಪತ್ತು ಮುಟ್ಟಲಿಲ್ಲ. ಕಣ್ಣು, ಕಾಲು ಇನ್ನೂ ಪಿಚ್ಚಿಗೆ ಹೊಂದಿಕೊಳ್ಳುವ ಮೊದಲೇ ಹೋಗುವುದು ಒಂದು ಸಮಸ್ಯೆ, ಹೊಂದಿಕೊಳ್ಳಲು ಆರಂಭಿಸಿದ ಮೇಲೆ ಹೋಗುವುದು ಇನ್ನೊಂದು. ಇವೆರಡಕ್ಕೂ ನೆಟ್ಸ್‌ನಲ್ಲಿ ಕೊಡುವ ಅಭ್ಯಾಸವೇ ಬೇರೆ. ಸರಾಸರಿಯೊಂದನ್ನೇ ನೋಡಿದವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನೂ ಹತ್ತಿರದಿಂದ ನೋಡಬೇಕಾದ ಒಂದು ಜೋಡಿ ಇದೆ. ಪುಣೆಯ ಮೊದಲ ಇನಿಂಗ್ಸ್‌ನಲ್ಲಿ ರೋಹಿತ್ ಸೊನ್ನೆಗೆ, ಕೊಹ್ಲಿ ಒಂದು ರನ್ನಿಗೆ, ಇಬ್ಬರೂ ಬೌಲ್ಡ್ ಆದರು. ರೋಹಿತ್ ಅವರಿಗೆ ಟಿಮ್ ಸೌಥಿ ಹಾಕಿದ ಚೆಂಡು ಬಿದ್ದ ಮೇಲೆ ತುಸುವೇ ಹೊರಳಿ, ರಕ್ಷಣೆಗೆ ಹಿಡಿದ ಬ್ಯಾಟಿನ ಅಂಚನ್ನು ದಾಟಿ ಆಫ್‌ಸ್ಟಂಪ್ ಎಗರಿಸಿತು. ಅಂಥ ಚೆಂಡಿಗೆ ಯಾವ ಆರಂಭಿಕನಾದರೂ ಹೋಗಬಹುದು. ಕೊಹ್ಲಿ ಔಟಾದದ್ದು ಮಿಚೆಲ್ ಸ್ಯಾಂಟ್ನರ್ ಅವರ ಫುಲ್ ಟಾಸ್‌ಗೆ. ಪಿಚ್ಚನ್ನೇ ಮುಟ್ಟದ ಚೆಂಡನ್ನು ಅಡ್ಡಬ್ಯಾಟಿನಿಂದ ಎಳೆಯಹೋಗಿ ತಪ್ಪಿದರು. ಸ್ಕೋರ್ ಪುಸ್ತಕದಲ್ಲಿ 0 ಮತ್ತು 1. ನಾನು ಬರೆದುಕೊಳ್ಳುವ ಹಾಳೆಯಲ್ಲಿ ಮೊದಲನೆಯದು ಬೌಲರ್ ಗಳಿಸಿದ ವಿಕೆಟ್, ಎರಡನೆಯದು ಬ್ಯಾಟರ್ ಕೊಟ್ಟ ವಿಕೆಟ್. ಪ್ರತಿ ಔಟಿನ ಎದುರು ಮೂರು ವಿಷಯ ಬರೆಯುವುದು ನನ್ನ ಕ್ರಮ: ಚೆಂಡು ಎಷ್ಟು ಒಳ್ಳೆಯದಿತ್ತು, ಆ ಹೊತ್ತಿಗೆ ಆ ಹೊಡೆತವನ್ನು ಆಯ್ದುಕೊಂಡದ್ದು ಸರಿಯೇ, ಆಯ್ದ ಹೊಡೆತವನ್ನು ಆಡಿದ ರೀತಿ ಸರಿಯೇ. ಒಬ್ಬನ ನಾಲ್ಕಾರು ಔಟುಗಳಲ್ಲಿ ಒಂದೇ ಬಗೆಯ ತಪ್ಪು ಮರಳಿ ಬಂದರೆ ಅದು ದೋಷ. ಬೇರೆ ಬೇರೆ ಬಗೆಯಲ್ಲಿ ಔಟಾಗಿದ್ದರೆ, ಅದರಲ್ಲೂ ಒಳ್ಳೆಯ ಚೆಂಡುಗಳಿಗೆ ಔಟಾಗಿದ್ದರೆ, ಕಾಯಬೇಕು.

ಕಾಯಬೇಕು ಎನ್ನುವುದಕ್ಕೆ ಲೆಕ್ಕದ ಆಧಾರವೂ ಇದೆ. ಟೆಸ್ಟ್ ಬ್ಯಾಟರ್ ಒಬ್ಬನ ಸ್ಕೋರುಗಳ ಏರಿಳಿತ ಹೆಚ್ಚುಕಡಿಮೆ ಅವನ ಸರಾಸರಿಯಷ್ಟೇ ದೊಡ್ಡದಾಗಿರುತ್ತದೆ; ಸೊನ್ನೆಯೂ ಬರುತ್ತದೆ, ನೂರೈವತ್ತೂ ಬರುತ್ತದೆ. ನಿಜವಾಗಿಯೂ 45ರ ಸಾಮರ್ಥ್ಯವಿರುವವನು ಆರೇ ಇನಿಂಗ್ಸ್ ಆಡಿದರೆ, ಅವನ ಆಟದಲ್ಲಿ ಏನೂ ಬದಲಾಗದೆಯೇ ಆ ಆರರ ಸರಾಸರಿ 27ರಿಂದ 63ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಸುಮಾರು ಮೂರರಲ್ಲಿ ಒಂದು ಸಲ ಅದರಿಂದಲೂ ಆಚೆ ಹೋಗುತ್ತದೆ. ಚಳ್ಳಕೆರೆಯ ಕಡೆ ಒಂದು ಮುಂಗಾರು ಕೈಕೊಟ್ಟಿತೆಂದು ಶೇಂಗಾ ಬೀಜದ ತಳಿಯೇ ಕೆಟ್ಟದ್ದೆಂದು ಯಾವ ರೈತನೂ ತೀರ್ಮಾನಿಸುವುದಿಲ್ಲ, ಎರಡು ಮೂರು ಹಂಗಾಮು ನೋಡುತ್ತಾನೆ. ಆರು ಇನಿಂಗ್ಸ್ ಎಂದರೆ ಒಂದು ಮುಂಗಾರು.

ಹಾಗೆಂದು ಕಾಯುವುದಕ್ಕೂ ಮಿತಿಯಿದೆ. ನ್ಯೂಜಿಲೆಂಡ್ ಸರಣಿಯ ಬೆನ್ನಿಗೇ ಆಸ್ಟ್ರೇಲಿಯಾದಲ್ಲಿ ರೋಹಿತ್ ಮೂರು ಟೆಸ್ಟ್‌ಗಳ ಐದು ಇನಿಂಗ್ಸ್‌ಗಳಲ್ಲಿ 31 ರನ್ ಗಳಿಸಿ, ನಾಯಕನಾಗಿದ್ದೂ ಸಿಡ್ನಿ ಟೆಸ್ಟ್‌ನಿಂದ ಹೊರಗುಳಿದರು. ಕೊಹ್ಲಿ ಪರ್ತ್‌ನಲ್ಲಿ ಶತಕ ಹೊಡೆದರೂ ಉಳಿದ ಪಂದ್ಯಗಳಲ್ಲಿ ಆಫ್‌ಸ್ಟಂಪ್ ಹೊರಗಿನ ಚೆಂಡನ್ನು ಬೆನ್ನಟ್ಟಿ ಕೀಪರ್ ಇಲ್ಲವೇ ಸ್ಲಿಪ್‌ಗೆ ಕೊಡುತ್ತಲೇ ಹೋದರು. ಒಂದೇ ತಪ್ಪು ಮರಳಿ ಮರಳಿ ಬಂದಾಗ, ಹಿಂದಿನ ಕೆಲವು ವರ್ಷಗಳ ಇಳಿಮುಖವೂ ಅದಕ್ಕೆ ಸೇರಿದಾಗ, ಅನುಮಾನಕ್ಕೆ ಗಟ್ಟಿ ನೆಲೆ ಸಿಗುತ್ತದೆ. 2025ರ ಮೇ ತಿಂಗಳಲ್ಲಿ ಇಬ್ಬರೂ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದರು. ನ್ಯೂಜಿಲೆಂಡ್ ಸರಣಿಯ ಆ ಹದಿನೈದರ ಸರಾಸರಿ ತಾನಾಗಿಯೇ ಇದನ್ನು ಹೇಳಿರಲಿಲ್ಲ. ಅದರ ಹಿಂದಿನದು ಮತ್ತು ಮುಂದಿನದು ಸೇರಿ ಹೇಳಿದವು.

ಟಾಸ್ ಮತ್ತು ಪಿಚ್ಚಿನ ವಾದದಲ್ಲಿ ಅರ್ಧ ಸತ್ಯವಿದೆ. ಪುಣೆ, ಮುಂಬೈ, ಆಮೇಲೆ ದಕ್ಷಿಣ ಆಫ್ರಿಕಾ ಎದುರಿನ ಕೊಲ್ಕತ್ತ, ಗುವಾಹಟಿ, ನಾಲ್ಕರಲ್ಲೂ ಭಾರತ ಟಾಸ್ ಸೋತಿತ್ತು ನಿಜ, ಬೆಂಗಳೂರಿನಲ್ಲಿ ಟಾಸ್ ಗೆದ್ದೂ ಸೋತಿತು ಎಂಬುದೂ ನಿಜ. ಇದಕ್ಕಿಂತ ಮುಖ್ಯವಾದ ಕಾರಣ ಬೇರೆ. ಚೆಂಡು ವಿಪರೀತ ತಿರುಗುವ ಪಿಚ್ಚಿನಲ್ಲಿ ಶ್ರೇಷ್ಠ ಸ್ಪಿನ್ನರ್ ಮತ್ತು ಸಾಮಾನ್ಯ ಸ್ಪಿನ್ನರ್ ನಡುವಿನ ಅಂತರ ಕಿರಿದಾಗುತ್ತದೆ. ಒಳ್ಳೆಯ ಪಿಚ್ಚಿನಲ್ಲಿ ಗಾಳಿಯಲ್ಲಿ ಮೋಸಗೊಳಿಸಿ, ವೇಗ ಬದಲಿಸಿ, ನಾಲ್ಕನೇ ದಿನದವರೆಗೆ ತಾಳ್ಮೆಯಿಂದ ಹಾಕಿದವನಿಗೆ ಮಾತ್ರ ಫಲ ಸಿಗುತ್ತದೆ. ಮೊದಲ ದಿನವೇ ಸೀಳುವ ಪಿಚ್ಚಿನಲ್ಲಿ ಒಂದೇ ಜಾಗಕ್ಕೆ ವೇಗವಾಗಿ ಹಾಕುತ್ತಿದ್ದರೆ ಸಾಕು, ಒಂದು ತಿರುಗುತ್ತದೆ, ಒಂದು ನೇರ ಹೋಗುತ್ತದೆ. ಪುಣೆಯಲ್ಲಿ ಸ್ಯಾಂಟ್ನರ್ 13, ಮುಂಬೈನಲ್ಲಿ ಏಜಾಜ್ ಪಟೇಲ್ 11, ಕೊಲ್ಕತ್ತದಲ್ಲಿ ಸೈಮನ್ ಹಾರ್ಮರ್ 8 ವಿಕೆಟ್ ಪಡೆದರು. ಅವರ ಕೌಶಲವನ್ನು ನಾನು ಕಡೆಗಣಿಸುತ್ತಿಲ್ಲ, ಹಾರ್ಮರ್ ಅಂತೂ ನೇರವಾಗಿ ಹೋಗುವ ಚೆಂಡನ್ನು ಬಹಳ ಚೆನ್ನಾಗಿ ಬಳಸಿದರು. ಆದರೆ ತವರಿನ ತಂಡ ತನ್ನ ದೊಡ್ಡ ಅನುಕೂಲವನ್ನು ತಾನೇ ಎದುರಾಳಿಗೆ ಹಂಚಿಕೊಟ್ಟಿತು. ಕೊಲ್ಕತ್ತದಲ್ಲಿ ತಾವು ಬಯಸಿದ್ದು ಇಂಥದೇ ಪಿಚ್ ಎಂದು ತರಬೇತುದಾರ ಗೌತಮ್ ಗಂಭೀರ್ ಪಂದ್ಯದ ನಂತರ ಹೇಳಿದ್ದನ್ನು ಇದರ ಜೊತೆಗಿಟ್ಟು ನೋಡಿ.

ಆ ಕೊಲ್ಕತ್ತ ಪಂದ್ಯದಲ್ಲಿ 124 ಗುರಿಯ ಎದುರು ಭಾರತ 93ಕ್ಕೆ ಮುಗಿಯಿತು. ಕುತ್ತಿಗೆ ನೋವಿನಿಂದ ಮೊದಲ ಇನಿಂಗ್ಸ್‌ನಲ್ಲೇ ಹೊರನಡೆದಿದ್ದ ನಾಯಕ ಶುಭಮನ್ ಗಿಲ್ ಆ ಬೆನ್ನಟ್ಟುವಿಕೆಯಲ್ಲಿ ಬ್ಯಾಟ್ ಮಾಡಲೇ ಇಲ್ಲ. ಇಡೀ ಪಂದ್ಯದಲ್ಲಿ ಅರ್ಧಶತಕ ಬಂದದ್ದು ಒಂದೇ, ದಕ್ಷಿಣ ಆಫ್ರಿಕಾದ ತೆಂಬಾ ಬವುಮಾ ಅವರ ಔಟಾಗದ 55. ಆ ಪಿಚ್ಚಿನ 55 ಸಪಾಟು ಪಿಚ್ಚಿನ 150ಕ್ಕೆ ಕಡಿಮೆಯಲ್ಲ ಎಂದು ನಾನು ಯಾವ ಸಭೆಯಲ್ಲಾದರೂ ವಾದಿಸುತ್ತೇನೆ. ಜಸ್‌ಪ್ರೀತ್ ಬುಮ್ರಾ ಮೊದಲ ಇನಿಂಗ್ಸ್‌ನಲ್ಲಿ 27 ರನ್ನಿಗೆ 5 ವಿಕೆಟ್ ಕಿತ್ತರೂ ಸೋತ ತಂಡದಲ್ಲಿ ಉಳಿದರು. ಹೀಗೆ ಪಿಚ್ಚನ್ನು ಪಕ್ಕಕ್ಕಿಟ್ಟು ಅಂಕಿಗಳನ್ನು ಓದಿದರೆ ಬವುಮಾ ಸಾಧಾರಣ, ಬುಮ್ರಾ ವ್ಯರ್ಥ ಎಂಬ ವಿಚಿತ್ರ ತೀರ್ಪಿಗೆ ಬರುತ್ತೇವೆ.

ಗುವಾಹಟಿಯಲ್ಲಿ ಮಾತ್ರ ಪಿಚ್ಚಿನ ನೆಪ ನಿಲ್ಲುವುದಿಲ್ಲ. ಮೊದಲ ದಿನದಾಟ ಮುಗಿದಾಗ ದಕ್ಷಿಣ ಆಫ್ರಿಕಾ 6 ವಿಕೆಟ್‌ಗೆ 247ರಲ್ಲಿತ್ತು. ಅಲ್ಲಿಂದ ಸೇನುರನ್ ಮುತ್ತುಸಾಮಿ 109, ಮಾರ್ಕೊ ಯಾನ್ಸೆನ್ 93 ಗಳಿಸಿ ಮೊತ್ತವನ್ನು 489ಕ್ಕೆ ಒಯ್ದರು. ಕೆಳ ಕ್ರಮಾಂಕದವರು ಹಾಗೆ ಆಡಿದ ಅದೇ ನೆಲದ ಮೇಲೆ ಭಾರತ 1 ವಿಕೆಟ್‌ಗೆ 95ರಲ್ಲಿದ್ದದ್ದು 7 ವಿಕೆಟ್‌ಗೆ 122 ಆಯಿತು. ಯಾನ್ಸೆನ್ ಅವರ ಎತ್ತರದಿಂದ ಬರುವ ಶಾರ್ಟ್ ಚೆಂಡುಗಳಿಗೆ ವಿಕೆಟ್ ಒಪ್ಪಿಸಿದವರು ಮಧ್ಯಮ ಕ್ರಮಾಂಕದ ಬ್ಯಾಟರ್‌ಗಳು; ಒಂಬತ್ತನೇ ಕ್ರಮಾಂಕದ ಕುಲದೀಪ್ ಯಾದವ್ 134 ಚೆಂಡು ಎದುರಿಸಿ 19 ರನ್ ಮಾಡಿದರು. ನನ್ನ ಮಟ್ಟಿಗೆ ಆ ಇನಿಂಗ್ಸ್‌ನ ಅತ್ಯಂತ ಮಹತ್ವದ ಸಾಕ್ಷಿ ಆ 19 ರನ್. ನಿಲ್ಲಬೇಕೆಂದವನಿಗೆ ನಿಲ್ಲಲು ಸಾಧ್ಯವಿತ್ತು ಎಂಬುದನ್ನು ಅದು ತೋರಿಸುತ್ತದೆ. 408 ರನ್‌ಗಳ ಆ ಸೋಲಿಗೆ ಆಟಗಾರರ ಹೊಡೆತದ ಆಯ್ಕೆಯೂ ಹೊಣೆ, ಅವರನ್ನು ನಿಶ್ಚಿತ ಜಾಗ ಕೊಡದೆ ಆಡಿಸಿದವರೂ ಹೊಣೆ: ಕೊಲ್ಕತ್ತದಲ್ಲಿ ಮೂರನೇ ಕ್ರಮಾಂಕದಲ್ಲಿ ಆಡಿದ ವಾಷಿಂಗ್ಟನ್ ಗುವಾಹಟಿಯಲ್ಲಿ ಎಂಟನೆಯವರಾಗಿ ಇಳಿದರು. ಒಂದೇ ಸರಣಿಯಲ್ಲಿ ಎರಡು ಉದ್ಯೋಗ ಮಾಡಿದವನಿಗೆ ಯಾವ ಉದ್ಯೋಗದ ಅಂಕ ಕೊಡುವುದು?

ಗೆದ್ದ ಸರಣಿಗಳೂ ಇಷ್ಟೇ ಕುರುಡು ಮಾಡುತ್ತವೆ, ಅದರ ಬಗ್ಗೆ ಮಾತ್ರ ಯಾರೂ ಪತ್ರ ಬರೆಯುವುದಿಲ್ಲ. ದಕ್ಷಿಣ ಆಫ್ರಿಕಾ ಬರುವ ಹಿಂದಿನ ತಿಂಗಳು ವೆಸ್ಟ್ ಇಂಡೀಸ್ ಎದುರು ಭಾರತ 2–0 ಗೆದ್ದಿತ್ತು. ಅಹಮದಾಬಾದ್ ಒಂದರಲ್ಲೇ ಕೆ.ಎಲ್. ರಾಹುಲ್, ಧ್ರುವ್ ಜುರೆಲ್, ಜಡೇಜ ಮೂವರೂ ಶತಕ ಹೊಡೆದರು. ಅದೇ ಜುರೆಲ್ ದಕ್ಷಿಣ ಆಫ್ರಿಕಾ ಎದುರಿನ ನಾಲ್ಕು ಇನಿಂಗ್ಸ್‌ಗಳಲ್ಲಿ ಒಮ್ಮೆಯೂ ಇಪ್ಪತ್ತು ಮುಟ್ಟಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಅಷ್ಟು ದೊಡ್ಡವರೂ ಆಗಿರಲಿಲ್ಲ, ನವೆಂಬರ್‌ನಲ್ಲಿ ಇಷ್ಟು ಚಿಕ್ಕವರೂ ಆಗಿರಲಿಲ್ಲ.

ಇನ್ನು ಆಯ್ಕೆಯ ದಾರಿಗಳು. ಅದೇ ತಂಡವನ್ನು ಮುಂದುವರಿಸಿದರೆ ಆಟಗಾರರಿಗೆ ಧೈರ್ಯ ಬರುತ್ತದೆ, ಆದರೆ ನಿಜವಾದ ದೋಷವೂ ಅದರ ನೆರಳಿನಲ್ಲಿ ಬೆಳೆಯುತ್ತದೆ, ಹೊರಗೆ ಕಾದಿರುವವನು ನಂಬಿಕೆ ಕಳೆದುಕೊಳ್ಳುತ್ತಾನೆ. ಐದಾರು ಜನರನ್ನು ಒಟ್ಟಿಗೆ ಬದಲಿಸುವುದು ಹೊರಗಿನವರಿಗೆ ಸಮಾಧಾನ ಕೊಡುತ್ತದೆ. ಅದರ ಅಪಾಯವೆಂದರೆ ಬಂದ ಹೊಸಬರೂ ಅದೇ ಸಿದ್ಧತೆ, ಅದೇ ಪಿಚ್, ಅದೇ ಗೊಂದಲದೊಳಗೆ ಇಳಿದು ಸೋಲುತ್ತಾರೆ, ಆಗ ತಪ್ಪು ಯಾರದ್ದೆಂದು ಬೇರ್ಪಡಿಸಲು ದಾರಿಯೇ ಉಳಿಯುವುದಿಲ್ಲ. ನಾನು ಒಲಿಯುವುದು ಮೂರನೆಯದಕ್ಕೆ: ದೀರ್ಘ ದಾಖಲೆಯೂ ಔಟಾದ ಬಗೆಯೂ ಒಂದೇ ದೋಷವನ್ನು ತೋರಿಸುವಲ್ಲಿ ಮಾತ್ರ, ಒಂದೋ ಎರಡೋ ಬದಲಾವಣೆ, ಉಳಿದ ಶಕ್ತಿಯೆಲ್ಲ ಸಿದ್ಧತೆಯ ಮೇಲೆ. ಇದರಲ್ಲೂ ಅಪಾಯವಿದೆ, ಏಕೆಂದರೆ ಆ ಒಂದಿಬ್ಬರನ್ನು ಆರಿಸುವಾಗ ಹೆಸರಿಲ್ಲದವನನ್ನು ಕೈಬಿಡುವುದು ಯಾವಾಗಲೂ ಸುಲಭ.

ನಮ್ಮೂರಿನವರಿಗೆ ಇದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. 2011–12ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತ 0–4ರಿಂದ ಸೋತ ಸರಣಿಯ ಪರ್ತ್ ಟೆಸ್ಟ್ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರ ಮೊದಲ ಟೆಸ್ಟ್. ತಂಡ 161ಕ್ಕೆ ಆಲೌಟ್ ಆಗಿತ್ತು, ಡೇವಿಡ್ ವಾರ್ನರ್ 159 ಚೆಂಡುಗಳಲ್ಲಿ 180 ಬಾರಿಸಿದರು, ವಿನಯ್ 13 ಓವರ್‌ಗಳಲ್ಲಿ 73 ರನ್ ಕೊಟ್ಟು ಒಂದು ವಿಕೆಟ್ ಪಡೆದರು. ಮತ್ತೊಂದು ಟೆಸ್ಟ್ ಅವರಿಗೆ ಸಿಗಲಿಲ್ಲ. ಮಧ್ಯಮ ವೇಗದಲ್ಲಿ ಸ್ವಿಂಗ್ ನಂಬಿ ಹಾಕುವವರಿಗೆ ಆ ದಿನ ಆ ಪಿಚ್ ಒಗ್ಗಲಿಲ್ಲ ಎಂಬುದು ಸತ್ಯವೇ. ಆದರೆ 13 ಓವರ್ ಒಬ್ಬ ಬೌಲರನ ಅಳತೆ ಆಗಲಾರದು: ಅವರದೇ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದಿತು, ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್‌ಗಳು ಐನೂರು ದಾಟಿದವು. ಅದೇ ಸರಣಿಯಲ್ಲಿ ಯುವ ಕೊಹ್ಲಿ ಮೊದಲ ಎರಡು ಟೆಸ್ಟ್‌ಗಳಲ್ಲಿ 11, 0, 23, 9 ಗಳಿಸಿದ್ದಾಗ ಅವರನ್ನು ಕೈಬಿಡಬೇಕೆಂಬ ಕೂಗು ಜೋರಾಗಿತ್ತು. ಉಳಿಸಿಕೊಂಡರು. ಪರ್ತ್‌ನಲ್ಲಿ 44 ಮತ್ತು 75, ಅಡಿಲೇಡ್‌ನಲ್ಲಿ 116 ಬಂದವು. ಕಾದರೆ ಏನಾಗಬಹುದು ಎಂಬುದನ್ನು ಒಬ್ಬರಿಗೆ ನೋಡಲಾಯಿತು, ಇನ್ನೊಬ್ಬರಿಗೆ ನೋಡಲಾಗಲಿಲ್ಲ.

ನಿಮ್ಮ ಹುಡುಗರ ವಿಷಯದಲ್ಲಿ ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲೇ ಇದೆ. ಮ್ಯಾಟಿಂಗ್ ಮೇಲೆ ಚೆಂಡು ಎತ್ತರಕ್ಕೂ ಒಂದೇ ಸಮನಾಗಿಯೂ ಏಳುತ್ತದೆ. ಅಲ್ಲಿ ಬೆಳೆದ ಹುಡುಗ ಹಿಂದಡಿಯಿಟ್ಟು ಕಟ್, ಪುಲ್ ಆಡಲು ಕಲಿತಿರುತ್ತಾನೆ. ಟರ್ಫ್ ಮೇಲೆ ಅದೇ ಉದ್ದದ ಚೆಂಡು ಮೊಣಕಾಲಿನ ಎತ್ತರದಲ್ಲಿ ಜಾರಿ ಬಂದು ಬೌಲ್ಡ್ ಅಥವಾ ಎಲ್‌ಬಿಡಬ್ಲ್ಯು ಆಗುತ್ತದೆ. ಸ್ಕೋರ್ ಪುಸ್ತಕ ತೆರೆದು ಐವರೂ ಮೂರು ಪಂದ್ಯಗಳಲ್ಲಿ ಹೇಗೆ ಔಟಾದರು ಎಂದು ಮೊದಲು ಎಣಿಸಿ. ಬೌಲ್ಡ್ ಮತ್ತು ಎಲ್‌ಬಿಡಬ್ಲ್ಯು ಹೆಚ್ಚಿದ್ದರೆ ಅದು ಹುಡುಗರ ಅಯೋಗ್ಯತೆಯಲ್ಲ, ಅಭ್ಯಾಸದ ಕೊರತೆ. ಯಾವ ಐವರನ್ನು ತಂದರೂ ಅದೇ ಆಗುತ್ತದೆ. ಕ್ಯಾಚ್‌ಗಳೇ ಹೆಚ್ಚಿದ್ದರೆ, ಅದೂ ಒಬ್ಬನೇ ಹುಡುಗ ಪ್ರತಿ ಸಲ ಎತ್ತಿ ಹೊಡೆದು ಕೊಟ್ಟಿದ್ದರೆ, ಅವನೊಡನೆ ಬೇರೆಯೇ ಮಾತುಕತೆ ಬೇಕು.

ಆರಂಭಿಕರಿಬ್ಬರನ್ನು ಈಗ ಕೈಬಿಡಬೇಡಿ. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಒಂದು ವರ್ಷದಲ್ಲೇ ಎತ್ತರ, ಬಲ, ಕಾಲಿನ ಚಲನೆ ಬದಲಾಗುತ್ತವೆ. ಈ ವಯಸ್ಸಿನಲ್ಲಿ ಕೈಬಿಟ್ಟವನು ಅನೇಕ ಸಲ ಮೈದಾನಕ್ಕೇ ಬರುವುದಿಲ್ಲ. ಶಾಲೆಯ ಬಯಲಿನಲ್ಲಿ ಕೆಮ್ಮಣ್ಣು ಹದಮಾಡಿ, ನೀರು ಹಾಕಿ, ರೋಲರ್ ಎಳೆಸಿ ಒಂದು ಅಭ್ಯಾಸದ ಪಟ್ಟಿಯನ್ನಾದರೂ ಸಿದ್ಧಪಡಿಸಿ, ತಗ್ಗಾಗಿ ಬರುವ ಚೆಂಡಿಗೆ ಮುಂದಡಿಯಿಟ್ಟು ನೇರ ಬ್ಯಾಟಿನಲ್ಲಿ ಆಡಿಸಿ. ದಾವಣಗೆರೆಯ ಆ ತಂಡದವರನ್ನೇ ಕೇಳಿ ಮತ್ತೆರಡು ಪಂದ್ಯ ಟರ್ಫ್ ಮೇಲೆ ಏರ್ಪಡಿಸಿ, ಅವರನ್ನು ಒಮ್ಮೆ ನಿಮ್ಮ ಮ್ಯಾಟಿಂಗ್‌ಗೂ ಕರೆಯಿರಿ. ಆ ಪಂದ್ಯಗಳಲ್ಲಿ ಪ್ರತಿ ಔಟಿನ ಎದುರು ನಾನು ಹೇಳಿದ ಮೂರು ವಿಷಯ ಬರೆದಿಡಲು ಆಡದ ಹುಡುಗನೊಬ್ಬನಿಗೆ ಹೇಳಿ. ಅಷ್ಟಾದ ಮೇಲೂ ಒಬ್ಬನ ಎದುರು ಅದೇ ತಪ್ಪು ಮರುಕಳಿಸಿದ್ದರೆ, ಅವನ ಜಾಗಕ್ಕೆ ಇನ್ನೊಬ್ಬನನ್ನು ಆಡಿಸಿ, ಕಾರಣವನ್ನು ಆ ಹಾಳೆ ತೋರಿಸಿಯೇ ಅವನಿಗೆ ವಿವರಿಸಿ.